ಗುಂಯ್ ಸದ್ದು ಹೋದ ಮೇಲೆ

...ಅಲ್ಲ ಜೆರೋಮ್, ಸ್ಪೀಕರಿಗೆ ಹಾಕ್ಬೇಡ! ಇದು ಸ್ಪೀಕರಿಗೆ ಹಾಕುವಂಥದ್ದಲ್ಲ ಮಾರಾಯ. ಹೆಡ್‌ಫೋನ್ ಉಂಟಲ್ಲ, ಅದನ್ನೇ ಕಿವಿಗೆ ಇಟ್ಕೊ. ಹಾಂ. ಈಗ ವಾಲ್ಯೂಮ್ ಮೆಲ್ಲ ತಿರುಗಿಸು... ಮೆಲ್ಲ! ಕೇಳ್ತದಾ? ಆ ಸುಂಯ್... ಸುಂಯ್... ಕಾದ ಬಾಣಲೆಗೆ ಮೀನು ಬಿಟ್ಟ ಹಾಗೆ. ಅದನ್ನು ತೆಗೀಬೇಕು. ಅದೊಂದು ಹೋದ್ರೆ ನಿನ್ನ ಕೆಲಸವೂ ಮುಗೀತು, ನನ್ನ ಕೆಲಸವೂ ಮುಗೀತು.

ನಗ್ಲಿಲ್ಲ ನೀನು. ಮೊದಲಾದ್ರೆ ನಗ್ತಿದ್ದಿ. ಪಾಲಿಟೆಕ್ನಿಕಲ್ಲಿ ನಾವಿಬ್ರೂ ಸೇರಿ ಮೊದಲ ಆಂಪ್ಲಿಫೈಯರ್ ಮಾಡಿದಾಗ ಹೊಗೆ ಬಂದಿತ್ತಲ್ಲ! "ಚಿತ್ತರಂಜನ ಶೆಟ್ಟಿ ಆಂಪ್ಲಿಫೈಯರ್ ಮಾಡುದಲ್ಲ, ಧೂಪ ಹಾಕುದು" ಅಂತ ಇಡೀ ಕ್ಲಾಸಿಗೆ ಹೇಳಿದ್ದು ಯಾರು? ನೀನೇ. ಮತ್ತೆ ನೀನು ಹಂಪನಕಟ್ಟೆಯ ಈ ಮಾಳಿಗೆ ಹತ್ತಿ ಸೌಂಡಿನ ಅಂಗಡಿ ಇಟ್ಟಿ, ನಾನು ಫಳ್ನೀರಿನಲ್ಲಿ ಹೋಟೆಲ್ ಇಟ್ಟೆ. ಈಗ ಹೋಟೆಲು ತಮ್ಮ ಸುಜಿತನ ಕೈಯಲ್ಲಿ. ನಾನು ಮನೆಯಲ್ಲಿ. ಹೊತ್ತು ಹೋಗ್ಬೇಕಲ್ಲ ಮನುಷ್ಯನಿಗೆ?

ನನ್ನ ಮುಖ ಎಂತ ನೋಡ್ತೀ? ಈ ಆಂಪ್ಲಿಫೈಯರಿನ ಬೋರ್ಡು ನೋಡು.

ಅಲ್ಲ, ನೀನು ಮಾಡಿದ್ದು ಚಂದವೇ ಮಾಡಿದ್ದಿ, ನಾನು ಇಲ್ಲ ಅನ್ನುದಿಲ್ಲ. ಮೊದಲು ಬರೀ ಗುಂಯ್ ಅಂತಿತ್ತು, ಜೇನುಗೂಡಿಗೆ ಕಿವಿ ಇಟ್ಟ ಹಾಗೆ. "ಅಡಾಪ್ಟರ್ ಬಿಸಾಡು, ಬ್ಯಾಟರಿಯಲ್ಲಿ ಓಡಿಸು, ಶೀಲ್ಡಿನ ವಯರ್ ಹಾಕು" ಅಂದಿ. ಹಾಕಿದೆ. ಗುಂಯ್ ಹೋಯ್ತು! ಆಮೇಲೆ ಹೇಳಿದಿ, ಸದ್ದು ಹಿಡಿಯುವ ಈ ಬಜರಿನ ಹಿತ್ತಾಳೆ ಬಿಲ್ಲೆಯಿಂದ ಬರುವ ಸದ್ದೇ ಇಷ್ಟು, ಅದನ್ನೂ ಬೋರ್ಡಿನ ಮೊದಲ ಟ್ರಾನ್ಸಿಸ್ಟರೇ ಕುಡಿದುಬಿಡ್ತದೆ ಅಂತ. ಕುಡುಕನ ಕೈಯಲ್ಲಿ ಬಾಟಲಿ ಕೊಟ್ಟು ಮನೆಗೆ ಮುಟ್ಟಿಸು ಅಂದ ಹಾಗಾಯ್ತು ಅಂದಿ. ಅದನ್ನು ತೆಗೆದು ಬೇರೆ ಜಾತಿಯದ್ದು ಕೂರಿಸಿದಿ, "ಇದು ಕುಡಿಯುದಿಲ್ಲ, ಮೂಸುದು ಮಾತ್ರ" ಅಂತ. ಆಹಾ... ಅದು ಮಾತ್ರ! ಅದು ಹಾಕಿದ ಮೇಲೆ ಮಾತು ಎಷ್ಟು ಹತ್ತಿರ...

ಸದ್ದು. ಸದ್ದು ಅಂದೆ. ಹುಳದ ಸದ್ದು.

ಅದೇ ಮಾರಾಯ, ಹಿತ್ತಲಿನ ತೆಂಗಿನ ಮರ. ಕೆಂಪು ಮೂತಿ ಹುಳ. ಎಷ್ಟು ಸಲ ಹೇಳ್ಬೇಕು ನಿನ್ಗೆ? ಕಾಂಡದೊಳಗೆ ಕೂತು ಕರ್ ಕರ್ ಅಂತ ತಿನ್ನುತ್ತದೆ, ಹೊರಗಿನಿಂದ ಮರ ಹಸುರು ಹಸುರು. ಒಂದು ದಿನ ಬೆಳಿಗ್ಗೆ ನೋಡಿದ್ರೆ ಸುಳಿಯೇ ಬಗ್ಗಿರ್ತದೆ. ಅದಕ್ಕೇ ಮೊದಲೇ ಕೇಳಿ ಹಿಡೀಬೇಕು. ಹುಳವನ್ನು ಯಾವಾಗ್ಲೂ ಮೊದಲೇ ಹಿಡೀಬೇಕು.

ಎಂತ, ಆ ಕೆಪಾಸಿಟರ್ ನೋಡ್ತಿದ್ದೀಯಾ? ಅದು ನಾನೇ ಬದಲಾಯಿಸಿದ್ದು. ಕೆಳಗಿನ ದಪ್ಪ ಸ್ವರ ಬೇಡ, ಮೇಲಿನ ಚೂಪು ಸ್ವರವೂ ಬೇಡ. ನಡುವಿನದ್ದು ಬಂದ್ರೆ ಸಾಕು ನನ್ಗೆ. ಟೆಲಿಫೋನಿನಲ್ಲಿ ಬರ್ತದಲ್ಲ, ಅಷ್ಟು.

...ಹೌದು. ಹುಳದ ಸದ್ದು ಚೂಪೇ. ಅದು ನನ್ಗೂ ಗೊತ್ತುಂಟು. ಆದ್ರೆ ರಸ್ತೆಯ ರಿಕ್ಷಾ, ಕಾಗೆ, ಆಸ್ಪತ್ರೆಗೆ ಓಡುವ ಆಂಬುಲೆನ್ಸು... ಎಲ್ಲ ಒಟ್ಟಿಗೆ ಬಂದ್ರೆ ಹೇಗೆ? ನೀನೆಂತ ಈಗ ಪೊಲೀಸರ ಹಾಗೆ?

ಅದೆಂತ ಉಗುರಿನಲ್ಲಿ ಕೆರೀತಿದ್ದಿ? ಬಿಲ್ಲೆ ಹಾಳಾಗ್ತದೆ, ಇಡು! ಇಡು ಅಂದೆ!

...ಪೈಂಟು. ಹೌದು. ಪಿಸ್ತಾ ಬಣ್ಣ.

ತೆಂಗಿನ ಮರಕ್ಕೆ ಯಾರೂ ಪಿಸ್ತಾ ಬಣ್ಣ ಹೊಡೆಯುದಿಲ್ಲ. ಗೊತ್ತುಂಟು. ಸರಿ. ನೀನು ಸಹ ನೋಡಿದ್ದಿ ಆ ಬಣ್ಣ, ಗೃಹಪ್ರವೇಶಕ್ಕೆ ನೀವಿಬ್ರೂ ಬಂದಾಗ ಎಸ್ತೆರ್ ಬಾಯಿ ಹೊಗಳಿದ್ರು. ಕುಶಲಾಳ ಹೊಲಿಗೆ ಕೋಣೆ. ಅದರ ಗೋಡೆ. ಆಯ್ತಾ? ನನ್ನ ಮನೆ, ನನ್ನ ಗೋಡೆ, ನನ್ನ ಹೆಂಡತಿ! ಎಂತ ತಪ್ಪುಂಟು ಅದ್ರಲ್ಲಿ?

ಹಾಗೆ ಮುಖ ತಿರುಗಿಸ್ಬೇಡ. ಮೊದಲು ಪೂರ್ತಿ ಕೇಳು. ಮಧ್ಯಾಹ್ನ ಊಟ ಆಗ್ತದೆ, ಅವ್ಳು ಕೋಣೆಗೆ ಹೋಗ್ತಾಳೆ, ಬಾಗಿಲು ಹಾಕ್ತಾಳೆ. ಹೊಲಿಗೆ ಮಿಷಿನಿನ ಸದ್ದಿಲ್ಲ. ಪಿಸುಪಿಸು ಮಾತು. ದಿನವೂ! ಯಾರ ಹತ್ರ ಅಂತ ಕೇಳಿದ್ರೆ "ಅಕ್ಕನ ಹತ್ರ". ಅಕ್ಕನಿಗೆ ನಾನೇ ಫೋನ್ ಮಾಡಿದೆ, "ಕುಶಲಾ ಮಾತಾಡದೆ ಎಷ್ಟು ಸಮಯ ಆಯ್ತು ಭಾವ" ಅಂತ ಅವ್ರೇ ನನ್ನನ್ನು ಕೇಳ್ತಾರೆ! ಈಗ ಹೇಳು. ನಿನ್ಗಾದ್ರೆ ತಲೆ ತಿರುಗುದಿಲ್ವಾ? ನಾನು ಹೋಟೆಲಿನ ಗಲ್ಲಾದಲ್ಲಿ ಕೂತು ಜನ ನೋಡಿದವ ಜೆರೋಮ್. ಒಳಗೆ ಬರುವಾಗ ಮುಖ ನೋಡಿಯೇ ಹೇಳ್ತಿದ್ದೆ, ಇವ ತಿಂದು ಕೈತೊಳೆದು ಹಿಂದಿನ ಬಾಗಿಲಲ್ಲಿ ಹೋಗುವವ ಅಂತ. ನನ್ನ ಲೆಕ್ಕ ತಪ್ಪಿದ್ದೇ ಇಲ್ಲ.

ಎಂತ ಆ ಕೀ ಗೊಂಚಲು ನೋಡ್ತೀ? ಕಿಸೆಯಲ್ಲಿ ಚುಚ್ಚುತ್ತದೆ ಅಂತ ನಿನ್ನ ಮೇಜಿನ ಮೇಲೆ ಇಟ್ಟದ್ದು. ಗೇಟಿನದ್ದು. ಅದೂ ಗೇಟಿನದ್ದೇ... ಅವಳದ್ದು. ನನ್ನ ಹತ್ರವೇ ಇರ್ಲಿ ಅಂತ. ಕಾಲ ಸರಿ ಇಲ್ಲ ಮಾರಾಯ, ನಾನು ಹೊರಗೆ ಹೋದ್ರೆ ಒಬ್ಬಳೇ ಇರುದಲ್ವಾ ಅವ್ಳು? ಹೊರಗಿಂದ ಬೀಗ ಇದ್ರೆ ಯಾರೂ ಬರುದಿಲ್ಲ. ಅವಳ ಒಳ್ಳೇದಕ್ಕೇ.

ಕೈಗಾ? ಕೈಗೆ ಎಂತ ಆಗ್ಲಿಲ್ಲ. ಬಾಗಿಲಿಗೆ ತಾಗಿದ್ದು. ಚಿಲಕ ಸರಿ ಇರ್ಲಿಲ್ಲ, ಸ್ವಲ್ಪ ದೂಡಿದೆ, ಕಿತ್ತು ಬಂತು. ಹಳೇ ಚಿಲಕ.

ಕೇಳು ನೀನು. ಮೊದಲ ಸಲ ಗೋಡೆಗೆ ಬಿಲ್ಲೆ ಅಂಟಿಸಿದಾಗ ಬರೀ ಗುಂಯ್. ಗುಂಯ್ ಒಳಗೆ ಎಂತ ಬೇಕಾದ್ರೂ ಕೇಳ್ತದೆ ಗೊತ್ತುಂಟಾ? ಗಂಡಸಿನ ನಗು ಕೇಳಿದೆ ನಾನು. ನನ್ನ ಹೆಸರು ಕೇಳಿದೆ. ಒಂದು ದಿನ ಬಸ್ಸಿನ ಹಾರನ್ನು ಸಹ ಯಾರೋ ಅವಳನ್ನು ಕರೆದ ಹಾಗೆ... ಅದಕ್ಕೇ ನಿನ್ನ ಹತ್ರ ಬಂದದ್ದು. ಸದ್ದು ಶುದ್ಧ ಆದ್ರೆ ಸತ್ಯ ಗೊತ್ತಾಗ್ತದಲ್ಲ ಅಂತ.

ಬ್ಯಾಟರಿ ಹಾಕಿದ ಮೇಲೆ ಗಂಡಸಿನ ನಗು ಹೋಯ್ತು. ಅದು ನಮ್ಮ ಫ್ರಿಜ್ಜು! ಹ್ಹ... ಉಳಿದದ್ದು ಅವಳ ಸ್ವರ ಒಂದೇ. ಕೆರೆಯ ಅಡಿಯಿಂದ ಮಾತಾಡಿದ ಹಾಗೆ. ಒಂದು ಮಾತು ಮಾತ್ರ ತಿರುಗಿ ತಿರುಗಿ ಬರ್ತಿತ್ತು. "ಎಂಕ್ ಪೋ..." ಮುಂದಿನದ್ದು ಸುಂಯ್ ಒಳಗೆ ಮುಳುಗ್ತಿತ್ತು. ತುಳುವಿನಲ್ಲಿ ಮತ್ತೆಂತ ಇರ್ತದೆ? "ಎಂಕ್ ಪೋವೊಡು". ನನ್ಗೆ ಹೋಗ್ಬೇಕು! ಎಲ್ಲಿಗೆ ಹೋಗ್ಲಿಕ್ಕುಂಟು ಇವ್ಳಿಗೆ? ಯಾರ ಒಟ್ಟಿಗೆ? ಅವತ್ತೇ ಬೀಗ ತಂದದ್ದು ನಾನು.

ಮತ್ತೆ ನೀನು ಆ ಮೂಸುವ ಟ್ರಾನ್ಸಿಸ್ಟರ್ ಕೂರಿಸಿದಿ. ಮನೆಗೆ ಹೋಗಿ ಕೇಳಿದ್ರೆ ಕನ್ನಡಿ ಹಾಗೆ! ಅವ್ಳು ಹೆಸರು ಹಿಡಿದು ಕರೆದ್ಲು. "ಎಸ್ತೆರ್ ಬಾಯಿ".

ಹೌದು. ನಿನ್ನ ಹೆಂಡತಿ.

ನನ್ಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಹೆಂಗಸಿನ ಹತ್ರ ಮಾತಾಡಿದ್ದು! ಹೋಗಿ ಚಾ ಮಾಡ್ಲಾ ಕುಶಲಾ ಅಂತ ಕೇಳುವ ಅನ್ನಿಸ್ತು. ಆದ್ರೆ ಮತ್ತೆ ಯೋಚನೆ ಬಂತು. ಎಸ್ತೆರ್ ಬಾಯಿ ಹತ್ರ ಮಾತಾಡ್ಲಿಕ್ಕೆ ಬಾಗಿಲು ಯಾಕೆ ಹಾಕ್ಬೇಕು? ಅಕ್ಕನ ಹೆಸರು ಯಾಕೆ ಹೇಳ್ಬೇಕು? ಅಂದ್ರೆ ನಿನ್ಗೂ ಗೊತ್ತಿತ್ತು. ಇತ್ತಾ ಇಲ್ವಾ? ಈ ಕೈಯಲ್ಲಿ ನನ್ನ ಬೋರ್ಡು ರಿಪೇರಿ ಮಾಡಿ ಕೊಡುದು, ಆ ಕಡೆ ಮನೆಯಲ್ಲಿ ಎಲ್ಲ ಕೇಳಿ ಕೂತ್ಕೊಳ್ಳುದು! ಈ ಡಬ್ಬಿಯ ವಿಷಯ ಕುಶಲಾಳಿಗೆ ಹೇಳಿದ್ದು ನೀನಾ?

...ಇಲ್ವಾ. ನಿನ್ಗೆ ಹುಳ ಅಂತಲೇ ಹೇಳಿದ್ದಲ್ವಾ ನಾನು. ಸರಿ, ಅದು ನಂಬ್ತೇನೆ. ಪಿಸ್ತಾ ಬಣ್ಣ ಕಂಡಾಗ ನಿನ್ನ ಮುಖ ಬಿಳಿಚಿ ಹೋದದ್ದು ನೋಡಿದೆ.

ಹಾಗಾದ್ರೆ ಒಂದು ಕೆಲಸ ಮಾಡು. ಹಳೇ ದೋಸ್ತಿ ಅಂತ ಮಾಡು. ಆ ಟೋನಿನ ಪೆಟ್ಟಿಗೆಯಿಂದ ಒಂದು ಸ್ವರ ಕೊಟ್ಟು, ಸ್ಕೋಪಿನ ಪರದೆಯಲ್ಲಿ ಅದರ ಅಲೆ ನೋಡು. ಇದು ಸ್ವರವನ್ನು ಹಾಳು ಮಾಡ್ತದೆ. ನನ್ಗೆ ಖಂಡಿತ ಗೊತ್ತುಂಟು. ಸದ್ದು ಹೆಚ್ಚಾದ್ರೆ ಅಲೆಯ ತಲೆ ಕತ್ತರಿಸಿ ಹೋಗ್ತದಲ್ಲ, ಆಗ ಒಂದು ಅಕ್ಷರ ಇನ್ನೊಂದರ ಹಾಗೆ ಕೇಳ್ತದೆ. ಹೌದಲ್ವಾ? ನೀನೇ ಕಲಿಸಿದ್ದು. ನೋಡು, ಕೊಡು ಟೋನು.

...ಎಂತ ಬಂತು?

ದುಂಡಗೆ ಉಂಟಾ? ಪೂರಾ ದುಂಡಗೆ? ಇನ್ನೂ ಸ್ವಲ್ಪ ಜೋರು ಮಾಡಿ ನೋಡು. ಬೋರ್ಡು ಬಿಸಿ ಆದ ಮೇಲೆ ನೋಡು. ಒಮ್ಮೆ ಬೆರಳಿನಲ್ಲಿ ತಟ್ಟಿ ನೋಡು ಮಾರಾಯ, ಸೋಲ್ಡರ್ ಎಲ್ಲಿಯಾದ್ರೂ ಬಿಟ್ಟಿರ್ಬಹುದು...

ಬಿಟ್ಟಿಲ್ಲ.

"ಪೋವೊಡು" ಅಲ್ಲ ಅದು. ಈ ನಿನ್ನ ಒಳ್ಳೇ ಆಂಪ್ಲಿಫೈಯರಿನಲ್ಲಿ ಅದು "ಪೋಡಿಗೆ" ಅಂತ ಕೇಳ್ತದೆ ಜೆರೋಮ್. "ಎಂಕ್ ಪೋಡಿಗೆ ಆಪುಂಡು." ನನ್ಗೆ ಹೆದರಿಕೆ ಆಗ್ತದೆ ಅಂತ. ಅವ್ಳು ಅತ್ತದ್ದಲ್ಲ. ಅತ್ತಿದ್ರೆ ಅಡ್ಡಿ ಇರ್ಲಿಲ್ಲ. ಉಪ್ಪು ಮುಗಿದಿದೆ ಅಂದ ಹಾಗೆ ಹೇಳಿದ್ದು.

ಗುಂಯ್ ಇದ್ದಾಗಲೇ ಒಳ್ಳೇದಿತ್ತು.

ನಾನು ಹೆಡ್‌ಫೋನ್ ಬಿಸಾಡಿ ಹೋದೆ. ಕೇಳ್ಲಿಕ್ಕೆ ಹೋದದ್ದು ಮಾರಾಯ, ಬರೀ ಕೇಳ್ಲಿಕ್ಕೆ. ಬಾಗಿಲು ತೆಗೀಲಿಲ್ಲ ಅವ್ಳು. ದೂಡಿದೆ. ಚಿಲಕದ ಹಿಂದೆಯೇ ನಿಂತಿದ್ದಾಳೆ ಅಂತ ನನ್ಗೇನು ಗೊತ್ತು? ಬಿದ್ಲು. ಮಿಷಿನಿನ ಮೂಲೆ ಹಣೆಗೆ ತಾಗಿತು. ನಾನು ಎಬ್ಬಿಸ್ಲಿಕ್ಕೆ ಬಗ್ಗಿದ್ರೆ ಎರಡೂ ಕೈ ಹೀಗೆ... ಹೀಗೆ ಮುಖಕ್ಕೆ ಅಡ್ಡ ಹಿಡಿದ್ಲು. ನಾನು ಯಾವಾಗ ಹೊಡೆದದ್ದು ಅವ್ಳಿಗೆ? ಯಾರೂ ನೋಡಿದವರಿದ್ದಾರಾ?

ಬೆಳಿಗ್ಗೆ ಎದ್ದಾಗ ಇರ್ಲಿಲ್ಲ. ಗೇಟಿಗೆ ಬೀಗ ಹಾಗೇ ಉಂಟು, ಕಂಪೌಂಡಿನ ಹತ್ರ ಸ್ಟೂಲು ಇಟ್ಟಿದ್ದಾಳೆ. ಮಂಡಿನೋವಿನವಳು, ಮೆಟ್ಟಲು ಹತ್ತಲಿಕ್ಕೆ ನನ್ನ ಭುಜ ಹಿಡಿಯುವವಳು, ಕಂಪೌಂಡು ಹಾರಿದ್ದಾಳೆ. ಮಗಳ ಮನೆಗೆ ಹೋಗಿರ್ಬಹುದು ಅಂತ ಬಜಪೆಗೆ ಫೋನ್ ಮಾಡಿದೆ. ಚೈತಾಲಿ ಹೇಳ್ತಾಳೆ, "ಅಮ್ಮ ಇಲ್ಲಿಲ್ಲ ಪಪ್ಪ. ಎಲ್ಲಿದ್ದಾರೆ ಅಂತ ನಾನು ಹೇಳುದಿಲ್ಲ." ನನ್ನ ಮಗಳು ಹೇಳಿದ ಮಾತು! ಎಲ್ಲಿ ಅಂತ ನಾನು ನಿನ್ನನ್ನು ಕೇಳ್ಲಿಕ್ಕಿಲ್ಲ. ಎಸ್ತೆರ್ ಬಾಯಿ ಗಂಜಿ ಮಾಡಿ ಕೊಟ್ಟಿರ್ತಾರೆ. ಅವ್ಳಿಗೆ ಉಪ್ಪು ಕಡಿಮೆ ಆಗ್ಬೇಕು, ಬಿಪಿ ಉಂಟು, ಹೇಳು.

ನಾನು ಇಲ್ಲಿಗೆ ಬಂದದ್ದು ಸುಂಯ್ ತೆಗೆಸ್ಲಿಕ್ಕಲ್ಲ. ನೀನು ಬೋರ್ಡು ನೋಡಿ "ಇದು ಕೆಟ್ಟಿದೆ ಚಿತ್ತರಂಜನ, ನೀನು ಕೇಳಿದ್ದು ಸರಿಯಲ್ಲ" ಅಂತ ಹೇಳ್ತೀ ಅಂತ. ಅಷ್ಟೇ. ಸುಳ್ಳಾದ್ರೂ ಹೇಳ್ಬಹುದಿತ್ತು ನೀನು.

...ಸ್ಕೋಪು ಎಂತಕ್ಕೆ ಆಫ್ ಮಾಡಿದಿ?

ಬೇರೆ ಯಾರಾದ್ರೂ ಆದ್ರೆ ಒಂದು ಮಾತು ಕೇಳ್ತಿದ್ರು. ಹೆಂಡತಿಗೆ ಹೆದರಿಕೆ ಆಗ್ತದೆ ಅಂದ ಕೂಡ್ಲೇ ಕೇಳ್ತಿದ್ರು, "ಯಾರ ಹೆದರಿಕೆ ಮಾರಾಯ?" ಅಂತ. ಕಳ್ಳನದ್ದಾ, ಹಾವಿನದ್ದಾ, ಡಾಕ್ಟರು ಹೇಳಿದ ಕಾಯಿಲೆಯದ್ದಾ. ನಿನ್ಗೆ ಹೇಳ್ಲಿಕ್ಕೆ ನಾನು ಎಷ್ಟು ಉತ್ತರ ತಯಾರು ಮಾಡಿ ತಂದಿದ್ದೆ, ಮೆಟ್ಟಲು ಹತ್ತುವಾಗಲೂ ಬಾಯಿಪಾಠ ಮಾಡ್ತಾ ಬಂದೆ.

ಕೇಳು ಜೆರೋಮ್.

ಯಾರ ಹೆದರಿಕೆ ಅಂತ ಒಮ್ಮೆ ಕೇಳು.

...ಕೇಳುದಿಲ್ಲ ಅಲ್ವಾ ನೀನು.