ಗುಮೆರ್ಸಿಂಡೊ ಹುಯ್ದ ತೆರೆರೆ

ನನ್ನ ಚಿಕ್ಕಪ್ಪನ ಮಗ ಅನಸ್ತಾಸಿಯೊ ಆ ರಾತ್ರಿ ಮನೆಗೆ ಹೊರಟಿದ್ದ. ಹೆಗಲ ಮೇಲೆ ಹಗ್ಗ, ಉದ್ದ ಡಬ್ಬಿ, ಬೋರು ತೊಳೆಯೋಕೆ ರಬ್ಬರ್ ಬಿಲ್ಲೆ ಕಟ್ಟಿದ ಕಬ್ಬಿಣದ ಗುಂಡು. ದಾರಿ ಬೋರಿನ ಪಕ್ಕದಲ್ಲೇ.

ಚಾಕೊ ಬಯಲಲ್ಲಿ ಎಲ್ಲಿ ಕೊರೆದರೂ ಉಪ್ಪುನೀರು. ಊರಿಗೆ ಸಿಹಿನೀರು ಅಂತ ಇದ್ದದ್ದು ಆ ಬೋರೊಂದೇ, ಅದೂ ಬೆರಳು ಗಾತ್ರಕ್ಕೆ ಇಳಿದಿತ್ತು. ಅದನ್ನು ಕೊರೆದ ಗುಮೆರ್ಸಿಂಡೊ ಸತ್ತು ಏಳು ವರ್ಷ. ಅವನೇ ಕೆಳಗೆ ಕೂತು ನೀರು ತಡೀತಿದಾನೆ ಅಂತ ಜನ ನಂಬಿದ್ದರು. ಬೆಳಗಾದರೆ ಸಿಮೆಂಟ್ ಸುರಿದು ಬಾಯಿ ಮುಚ್ಚೋದು ಅಂತ ನೀರಿನ ಸಮಿತಿಯ ಯಜಮಾನಿ ಡಿಯೊಲಿಂಡಮ್ಮ ಹೇಳಿಯಾಗಿತ್ತು. ಮೋಟರನ್ನೂ ಎತ್ತಿಟ್ಟಿದ್ದರು.

ಅನಸ್ತಾಸಿಯೊ ಅದಕ್ಕೂ ಮೊದಲೇ ದಾರಕ್ಕೆ ನಟ್ಟು ಕಟ್ಟಿ ಇಳಿಸಿ ನೋಡಿದ್ದ. ಹತ್ತು ಮಾರಿಗೆ ‘ಟುಪ್’. ಮೋಟರು ಹಾಕಿದರೆ ನೀರು ಮೂವತ್ತು ಮಾರಿಗೆ ಕುಸಿಯುತ್ತೆ, ನಿಲ್ಲಿಸಿದರೆ ಮೆಲ್ಲಗೆ ಏರುತ್ತೆ. ಅಂದರೆ ನೆಲದಲ್ಲಿ ನೀರಿದೆ, ಪೈಪಿನ ಬುಡದ ಜರಡಿಯ ಕಣ್ಣು ಕಟ್ಟಿಕೊಂಡಿವೆ. ಹಾಗಂತ ಹೇಳಿದ್ದಕ್ಕೆ ಅವನನ್ನೇ ಗದರಿಸಿ ಕಳಿಸಿದ್ದರು.

ಬೋರಿನ ಹತ್ತಿರ ಬಂದಾಗ... ಕ್ರರ್... ಕ್ರರ್... ಕಬ್ಬಿಣದ ಒಳಗೆ ಉಗುರು ಕೆರೆದ ಹಾಗೆ.

ಟೋಪಿ ಹಾಕಿಕೊಂಡು ಗುಮೆರ್ಸಿಂಡೊ ಪೈಪಿನ ಬಾಯಿ ಪಕ್ಕ ಕೂತಿದ್ದ. ಗಿಂಡಿ ಹಿಡಿದ ಕೈಯನ್ನು ಪೈಪಿನೊಳಗೆ ಇಳಿಸಿದ. ಹತ್ತು ಮಾರು ಇಳೀತು ಆ ಕೈ! ಮೇಲೆ ತಂದು, ಕೊಂಬಿನ ಲೋಟದ ಎಲೆಪುಡಿಯ ಮೇಲೆ ತಣ್ಣೀರು ಹುಯ್ದು, ತೆರೆರೆ ಚಾಚಿದ.

“ಕುಡಿ... ಉಪಕಾರ ಆಯ್ತು ಅನ್ನು... ಹೋಗು.”

ಆ ಸೀಮೆಯಲ್ಲಿ ಲೋಟ ವಾಪಸು ಕೊಡುವಾಗ ಉಪಕಾರ ಅಂದವನ ಸರದಿ ಅಲ್ಲಿಗೆ ಮುಗೀತು. ಅನ್ನೋ ತನಕ ಹುಯ್ಯುವವನು ಹುಯ್ಯಲೇಬೇಕು. ಸತ್ತವರಿಗೂ ಅದೇ ರಿವಾಜು.

ಅನಸ್ತಾಸಿಯೊ ಕುಡಿದ. ತುಕ್ಕಿನ ವಾಸನೆ, ನಾಲಿಗೆ ಮೇಲೆ ಲೋಳೆ. ಜರಡಿ ಕಟ್ಟಿದ್ದು ಇದೇ ಅಂತ ಗೊತ್ತಾಯ್ತು. ಉಪಕಾರ ಅನ್ನಲಿಲ್ಲ.

“ಇನ್ನೊಂದು ಹುಯ್ಯಿ ಮಾವ. ಸತ್ತರೂ ನಿನ್ನ ಕೈಗೆ ರುಚಿ ಬಂದಿಲ್ಲ.”

ಗುಂಡನ್ನು ಪೈಪಿಗೆ ಇಳಿಸಿ ಮೇಲೆ ಕೆಳಗೆ ಜಗ್ಗೋಕೆ ಶುರು ಮಾಡಿದ. ಗುಳುಂ... ಛಸ್... ಗುಳುಂ... ಛಸ್... ನೀರು ಜರಡಿಯೊಳಗೆ ಹೋಗಿ ಬಂದು ಹೊಲಸು ಕಿತ್ತಿತು. ಉದ್ದ ಡಬ್ಬಿಯಲ್ಲಿ ಕೆಂಪು ಲೋಳೆ ಮೊಗೆದು ಚೆಲ್ಲಿದ. ಒಂದು ಲೋಟ, ಇಪ್ಪತ್ತು ಜಗ್ಗು. ಇನ್ನೊಂದು ಲೋಟ, ಇನ್ನಿಪ್ಪತ್ತು. ಲೋಟ ಲೋಟಕ್ಕೂ ಲೋಳೆ ಕಮ್ಮಿ.

“ಉಪಕಾರ ಅನ್ನೋ ಮಾರಾಯ,” ದೆವ್ವ ಗೋಗರೆಯಿತು. “ತೋಳು ಬಿದ್ದುಹೋಗ್ತಿದೆ.”

“ಅನ್ನಲ್ಲ.”

ನಲವತ್ತೊಂದನೇ ಲೋಟ ಸಿಹಿಯಾಗಿತ್ತು. “ಉಪಕಾರ ಆಯ್ತು” ಅಂದು ತಲೆ ಎತ್ತಿದರೆ ಎದುರಿಗೆ ಯಾರೂ ಇರಲಿಲ್ಲ.

ಬೆಳಗ್ಗೆ ಹಟ ಹಿಡಿದು ಮೋಟರು ಇಳಿಸಿ ಹಾಕಿಸಿದ. ಪೈಪಿನ ತುಂಬ ನೀರು. ಆದರೂ ಡಿಯೊಲಿಂಡಮ್ಮ ಬಿಡಲಿಲ್ಲ. ದೆವ್ವ ಕೈಯಿಟ್ಟ ನೀರು ಮಕ್ಕಳಿಗೆ ಬೇಡ, ಸಿಮೆಂಟ್ ಬಿಚ್ಚಿ ಅಂದಳು. ನಿನ್ನೆ ತಾನೇ ಪೇಟೆಯಿಂದ ತಂದು ಇಗರ್ಜಿಯೊಳಗೆ ಬೀಗ ಹಾಕಿಟ್ಟ ಮೂರು ಚೀಲ. ಬಿಚ್ಚಿದರು... ಮೂರೂ ಕಲ್ಲಾಗಿದ್ದವು.

ಆ ಕಲ್ಲುಗಳು ಈಗಲೂ ಬೋರಿನ ಪಕ್ಕದಲ್ಲೇ ಇವೆ. ಹೆಂಗಸರು ಅವುಗಳ ಮೇಲೆ ಬಕೆಟ್ ಇಟ್ಟು ನೀರು ಹಿಡೀತಾರೆ. ಸುಳ್ಳು ಅನ್ನೋರು ಹೋಗಿ ಕೂತು ನೋಡಲಿ, ನಾನು ಕೂತು ಬಂದಿದೀನಿ.