ಹಾರನ್ ಅಡಿಯ ಮಾತು

ಮೊಬೈಲ್ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ತೀರಿಹೋದ ಅವರ ಮಗಳು ಬಸ್ ನಿಲ್ದಾಣದಿಂದ ಕಳಿಸಿದ್ದ ಕೊನೆಯ ವಾಯ್ಸ್ ಮೆಸೇಜನ್ನು ರಿಪೇರಿಯವನು ಕೇಳಿಸಿಕೊಳ್ಳುತ್ತಿದ್ದ.

“‘ಅಮ್ಮಾ’ ಅಂದ್ಮೇಲೆ ಹಾರನ್ ಬರುತ್ತಲ್ಲ, ಅಲ್ಲೇನೋ ಮೆಲ್ಲಗೆ ಹೇಳಿದಾಳೆ. ಆ ಹಾರನ್ ಒಂದು ತೆಗೆದ್ಬಿಡಪ್ಪ,” ಎಂದರು ಆಕೆ.

“ತೆಗೆದ್ರೂ ಅಡಿಯಲ್ಲಿ ಏನೂ ಉಳಿದಿಲ್ಲಮ್ಮ. ಕಳಿಸುವಾಗ ಫೋನು ಸದ್ದನ್ನೆಲ್ಲ ಸಣ್ಣ ಸ್ವರ, ದಪ್ಪ ಸ್ವರ ಅಂತ ಬಿಡಿಸುತ್ತೆ. ಜೋರು ಸ್ವರದ ಪಕ್ಕದಲ್ಲಿರೋ ಮೆಲುದನಿ ಹೇಗೂ ಕಿವಿಗೆ ಬೀಳಲ್ಲ ಅಂತ ಬಿಟ್ಟುಬಿಡುತ್ತೆ. ಫೈಲು ಚಿಕ್ಕದಾಗ್ಬೇಕಲ್ಲ.”

“ಬಿಟ್ಟಿದ್ದು ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಇಲ್ಲಮ್ಮ.”

“ಅವಳ ಫೋನಲ್ಲಾದ್ರೂ ಇರುತ್ತಾ?”

“ಅದು ಅಪಘಾತದಲ್ಲೇ ಪುಡಿಯಾಯ್ತಲ್ಲೇ,” ಎಂದರು ಗಂಡ. “ಊಟ ಆಯ್ತಾ ಅಂತ ಕೇಳಿರ್ತಾಳೆ. ಇನ್ನೇನು ಕೇಳ್ತಿದ್ಲು ಅವಳು?”

“ಸುಮ್ನಿರಿ. ನೀವು ಹೇಳಿದ್ರೆ ಆಗಲ್ಲ ರೀ.”

ರಿಪೇರಿಯವನು ಫೋನನ್ನು ಆಕೆಯತ್ತ ಸರಿಸಿದ. “ಹಾರನ್ ಸದ್ದಾದ್ರೂ ಕಮ್ಮಿ ಮಾಡಿ ಕೊಡ್ಲಾಮ್ಮ?”

“ಬೇಡಪ್ಪ. ಅವಳು ಆ ಮಾತು ಹೇಳ್ತಿದ್ದಷ್ಟು ಹೊತ್ತೂ ಅದು ಜೊತೇಲಿತ್ತು. ಇರ್ಲಿ ಬಿಡು.”

ಗಂಡ ಬಾಗಿಲು ಹಿಡಿದು ನಿಂತರು. ಆಕೆ ಫೋನನ್ನು ಕಿವಿಗಿಟ್ಟುಕೊಂಡೇ ಬೀದಿಗಿಳಿದರು.