ಮೊಣಕಾಲ ಮಣ್ಣು

ಕೊನ್ಸುವೆಲೊ ಊರಿಗೆ ಹೋಗುವ ವ್ಯಾನಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಎಲಿಹಿಯೊನ ಹೆಗಲ ಮೇಲೆ ಬಾಳೆಕಾಯಿ ಗೊನೆ, ಮಿರೇಯಳ ಕೈಯಲ್ಲಿ ಸೋಪಿನ ಪುಡಿಯ ಚೀಲ. ಮಾತೆಲ್ಲ ಬೇಸ್‌ಬಾಲ್ ಆಡುವ ಮಗ ನೆಲ್ಫಿಯದು.

"ಅವನನ್ನ ಆ ಟೀಮಿಂದ ಬಿಡಿಸು," ಅಂದಳು ಮಿರೇಯ.

"ಊರೆಲ್ಲ ಸೇರೋಕೆ ಸಾಯ್ತಿರೋ ಟೀಮು ಕಣೇ ಅದು. ಅಮೆರಿಕದವರು ಬಂದು ಹುಡುಗರನ್ನ ನೋಡಿ ತಮ್ಮ ಟೀಮುಗಳಿಗೆ ಆರಿಸ್ಕೊಳ್ಳೋದೇ ಅಲ್ಲಿ."

"ಬೆಂಚ್ ಮೇಲೆ ಕೂತೋನಲ್ಲಿ ಏನು ನೋಡ್ತಾರೆ? ಅವನ ಜಾಗಕ್ಕೇ ಅಲ್ಲಿ ಇನ್ನೂ ನಾಲ್ಕು ಜನ ಇದಾರೆ."

"ಆಡಿಸ್ತಿದೀನಿ ಅಂತ ಕೋಚೇ ಹೇಳಿದ."

"ಬಟ್ಟೆ ಒಗೆಯೋದು ಕೋಚಾ, ನಾನಾ? ಕಾರ್ಖಾನೆ ಹಿಂದೆ ಆಡೋ ಆ ಹಳೇ ಟೀಮಲ್ಲಿದ್ದಾಗ ಪ್ಯಾಂಟು ಉಜ್ಜಿ ಉಜ್ಜಿ ನನ್ನ ಕೈ ಸುಲಿದುಹೋಗ್ತಿತ್ತು. ಈಗ ಬೆಳ್ಳಗೆ ಹೋಗಿ ಬೆಳ್ಳಗೇ ಬರುತ್ತೆ."

"ಹೋದ ಭಾನುವಾರ ಮೊಣಕಾಲೆಲ್ಲ ಮಣ್ಣಾಗಿತ್ತಲ್ಲ. ಅದಕ್ಕೇನಂತೀಯ?"

ಮಿರೇಯ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಮೈದಾನದ ಮಣ್ಣು ಕೆಂಪು, ಎಲಿಹಿಯೊ. ಅವತ್ತು ಪ್ಯಾಂಟಿಗೆ ಹತ್ತಿದ್ದು ಕಪ್ಪು ಮಣ್ಣು. ನಮ್ಮ ಹಿತ್ತಲಿನ ನಲ್ಲಿ ಹತ್ತಿರದ್ದು."

"ಅಂದ್ರೆ?"

"ಒಳಗೆ ಬರೋ ಮುಂಚೆ ಅವನೇ ಬಳ್ಕೊಂಡಿದ್ದ. ನೀನು ನೋಡಲಿ ಅಂತ."

ವ್ಯಾನು ಬಂತು. ಹಿಂದಿನವರು ನೂಕಿದರೂ ಎಲಿಹಿಯೊ ಗೊನೆ ಕೆಳಗಿಳಿಸಿ ಅಲ್ಲೇ ನಿಂತ.

"ಅವನಿಗೆ ನೀನೇನಂದೆ?"

"ಏನನ್ನಲಿ? ಕೈ ಸುಲಿದುಹೋಯ್ತು ಅಂತ ಮೊದಲಿನ ಹಾಗೇ ಬೈತಾ ಒಗೆದೆ."

ಅವಳು ಮೊದಲು ಹತ್ತಿದಳು. ಗೊನೆಯನ್ನು ನೆಲದ ಮೇಲೇ ಮರೆತು ಅವನೂ ಹಿಂದೆ ಹತ್ತಿದ.